ಹಿಪ್ಪುನೇರಳೆ ಹಣ್ಣಾಗುವ ಮುನ್ನ

ಐವತ್ತಮೂರಕ್ಕೆ ಲೈಸೆನ್ಸು ಸಿಕ್ಕಿತು, ಮೂರನೆಯ ಸಲಕ್ಕೆ.
ಪರೀಕ್ಷಕ ನಗಲಿಲ್ಲ, ಅದೇ ದೊಡ್ಡದು.
ಮದುವಣಗಿತ್ತಿಯರ ಉಡುಪುಗಳನ್ನು ಬಸ್ಸಿನಲ್ಲಿ
ತಲೆಯ ಮೇಲೆತ್ತಿ ಹಿಡಿದು ಒಯ್ದದ್ದು ಸಾಕಾಗಿತ್ತು.
ಕಾರು ಬಂದದ್ದು ರುಸ್ತಾವಿಯ ಸಂತೆಯಿಂದ:
ಕಡುನೀಲಿ. ಯಾರೋ ಓಡಿಸಿ, ಯಾರೋ ಗುದ್ದಿಸಿ,
ಹಡಗು ಹತ್ತಿ ಪೋತಿಯಲ್ಲಿ ಇಳಿದದ್ದು.

ನಮ್ಮ ಕುತೈಸಿಯ ಅಂಗಳದಲ್ಲಿ
ನಿಲ್ಲಿಸಲು ಉಳಿದದ್ದು ಒಂದೇ ಜಾಗ,
ಹಿಪ್ಪುನೇರಳೆ ಮರದ ಬುಡ.
ಅದೇಕೆ ಖಾಲಿ ಎಂದು ಕೇಳಲು ನನಗೆ ಹೊಳೆಯಲಿಲ್ಲ.
“ಜೂನ್ ಬರಲಿ ಮ್ಜಿಯಾ,” ಅಂದಳು ಸಿಯಾಲಾ,
ಬಾಲ್ಕನಿಯಿಂದ ರೊಟ್ಟಿಗೆ ಬುಟ್ಟಿ ಇಳಿಬಿಡುತ್ತ.
“ಹಣ್ಣು ಬೀಳುತ್ತದೆ.
ಹಣ್ಣು ತಿಂದ ಹಕ್ಕಿಯದೂ ಬೀಳುತ್ತದೆ.”

ಜುಂಬೆರಿಯ ಅಂಗಡಿಯಲ್ಲಿ ಗೋಡೆ ತುಂಬ ಡಬ್ಬಿ.
“ಯಾವುದು ಬೇಕು?”
ಮೂವತ್ತು ವರ್ಷ ಹುಡುಗಿಯರನ್ನು ಕೇಳಿದವಳು ನಾನು,
ಅಸ್ತರು ರೇಷ್ಮೆಯದೋ, ಹತ್ತಿಯದೋ?
ಅವರು ಅಮ್ಮನ ಮುಖ ನೋಡುತ್ತಿದ್ದರು.
ನಾನು ನೋಡಲು ಅಲ್ಲಿದ್ದದ್ದು ಒಂದು ಕ್ಯಾಲೆಂಡರು.

ಮೇಣವೆಂದರೆ ಗಂಜಿ, ಅಷ್ಟು ಅರ್ಥವಾಯಿತು.
ಹೊಳೆಯುತ್ತದೆ, ನಾಲ್ಕು ಒಗೆತಕ್ಕೆ ಇಳಿಯುತ್ತದೆ.
ಸೀಲೆಂಟ್ ಇನ್ನೊಂದಿಷ್ಟು ತಿಂಗಳು ಬಾಳುತ್ತದಂತೆ.
ಪಾರದರ್ಶಕ ಹಾಳೆಯೂ ಇದೆ, ಮೈಗೆ ಮೈಯೇ ಹೊದಿಸಿದ ಹಾಗೆ;
ಬೆಲೆ ಕೇಳಿ ಕೈಚೀಲದ ಜಿಪ್ ಎಳೆದುಕೊಂಡೆ.
ಉಳಿದದ್ದು ಸೆರಾಮಿಕ್,
ಹೆಬ್ಬೆರಳುದ್ದದ ಬಾಟಲಿ, ಔಷಧಿಯಂಥ ಗತ್ತು.
“ವರ್ಷಗಟ್ಟಲೆ ಇರುತ್ತದೆ, ಕಲ್ಬತೋನೊ.
ಆದರೆ ಧೂಳು ಆಗದು, ಗಾಳಿ ಆಗದು, ಬಿಸಿಲಾಗದು.
ಒರೆಸುವುದು ಗಳಿಗೆ ತಡವಾದರೆ ಕಲೆ ಕಲ್ಲಾಗುತ್ತದೆ.
ಮತ್ತೆ, ಕೆಳಗಿರುವ ಗೀರನ್ನೂ ಸೇರಿಸಿಯೇ ಮುಚ್ಚುತ್ತದೆ.”

ಬೇಡಿಕೊಂಡ ಮೇಲೆ ಹೊರಗೆ ಬಂದ,
ಕೈಯಲ್ಲಿ ಪುಟ್ಟ ಯಂತ್ರ, ಬಣ್ಣದ ದಪ್ಪ ಅಳೆಯುವಂಥದ್ದು.
ಮೂತಿ: ನೂರ ಹತ್ತು. ಚಾವಣಿ: ನೂರ ಎಂಟು.
ಕೂದಲೆಳೆಗಿಂತ ಒಂಚೂರು ದಪ್ಪ, ಅಷ್ಟೇ.
ಹಿಂದಿನ ಎಡಬಾಗಿಲು: ಮುನ್ನೂರ ನಲವತ್ತು.
ಜುಂಬೆರಿ ಮಾತು ನಿಲ್ಲಿಸಿದ,
ಎಕ್ಸ್‌ರೇ ಹಿಡಿದ ಡಾಕ್ಟರ ಹಾಗೆ.

ತೇಪೆ!
ಬಗ್ಗಿ ನೋಡಿದೆ. ಅಂಚು ಸಿಗಲಿಲ್ಲ.
ಕನ್ನಡಕ ಹಾಕಿ ನೋಡಿದೆ. ನೀಲಿಯಲ್ಲಿ ನೀಲಿ ಕರಗಿತ್ತು.
ಮೋಸ ಹೋದೆ ಎಂದು ಅಳಬೇಕಿತ್ತೋ ಏನೋ,
ನನಗೆ ಮಾತ್ರ ಆ ಕೈಯ ಮೇಲೆ ಗೌರವ ಬಂತು.
ಸಿಗರೇಟಿಗೆ ಸುಟ್ಟ ಸೆರಗನ್ನು
ನೆರಿಗೆಯಡಿ ಅಡಗಿಸಿದವಳು ನಾನು,
ಮದುವೆಗೆ ಎರಡು ಗಂಟೆ ಇದ್ದಾಗ.
ಇಂದಿಗೂ ಆ ಅತ್ತೆಗೆ ಗೊತ್ತಿಲ್ಲ.

“ಮೇಣ ಕೊಡು,” ಅಂದೆ. “ಅಗ್ಗದ್ದೇ ಸಾಕು.
ಕೈ ಪಳಗುವ ಮುನ್ನ ಯಾರೂ ರೇಷ್ಮೆಗೆ ಕತ್ತರಿ ಇಡುವುದಿಲ್ಲ.”

ಮೊದಲ ಸಲ ಜಾಸ್ತಿ ಬಳಿದೆ.
ಭಾನುವಾರ ಪೂರ್ತಿ ಬಿಳಿ ಪುಡಿ ಉಜ್ಜಿದ್ದೇ ಆಯಿತು;
ರಬ್ಬರಿನ ಸಂದಿನಲ್ಲಿ ಅದು ಈಗಲೂ ಇದೆ.
ಎರಡನೆಯ ಸಲ, ಉಗುರಿನಷ್ಟೇ.
ಮಳೆ ಬಂದು ಹನಿಗಳು ಗುಂಡಿಗಳ ಹಾಗೆ ನಿಂತಾಗ
ಹೊಲಿಗೆ ಬಿಟ್ಟು ಕಿಟಕಿಯಲ್ಲೇ ಉಳಿದುಬಿಟ್ಟೆ.

ಮೇ ಕೊನೆಗೆ ಕಾಯಿ ಕೆಂಪಾಯಿತು.
ರಾತ್ರಿಯೆಲ್ಲ ಯಂತ್ರ ತುಳಿದೆ.
ಹಳೆಯ ಹಾಸಿಗೆ ಚಾದರ ಆರು, ಪರದೆ ಎರಡು,
ಸಿಯಾಲಾ ಕೊಟ್ಟ ಮೇಜುಹಾಸೊಂದು:
ಜೋಡು ಹೊಲಿಗೆ, ಮೂಲೆಗೆ ಕುಣಿಕೆ.
ಅಂಗಳದ ಹುಡುಗರು ಕೊಂಬೆಗೆ ಬಿಗಿದರು,
ಒಂದು ತುದಿ ಅವಳ ಬಾಲ್ಕನಿಯ ಕಂಬಿಗೆ.
ಕಾರಿನ ಮೇಲೆ ಚಪ್ಪರ,
ಚಪ್ಪರದಲ್ಲಿ ದಿನಕ್ಕೆ ಒಂದು ಬಕೆಟ್ಟು ಹಣ್ಣು.
ಸಿಯಾಲಾಳ ಗಂಡ ಅದನ್ನು ಹುಳಿಯಿಟ್ಟು ಭಟ್ಟಿ ಇಳಿಸುತ್ತಾನೆ,
ನನಗೆ ಎರಡು ಸೀಸೆ ಬಾಡಿಗೆ.

ನಿನ್ನೆ ಹಣ್ಣೊಂದು ಅಂಚಿನಿಂದ ಜಾರಿ
ಬಿದ್ದದ್ದು ಸರಿಯಾಗಿ ಆ ಎಡಬಾಗಿಲಿಗೇ.
ಒದ್ದೆ ಬಟ್ಟೆ ಹಿಡಿದು ಚಪ್ಪಲಿಯಿಲ್ಲದೆ ಓಡಿದೆ.
ನೇರಳೆ ಒಂದು ಕ್ಷಣ ಹಟ ಹಿಡಿಯಿತು,
ಆಮೇಲೆ ಬಿಟ್ಟಿತು.
ಬಟ್ಟೆಗೆ ಹತ್ತಿದ್ದು ಮಾತ್ರ
ಮೂರು ಸಲ ಒಗೆದರೂ ಹೋಗಿಲ್ಲ.