ಬಾಲವಿರುವ ಕ್ರಿಯಾಪದಗಳು

ಕೊವೆಂಟ್ರಿಯ ಲೈಬ್ರರಿ, ಮೇಲಿನ ಕೋಣೆ,
ಮಂಗಳವಾರ ಸಂಜೆ ಆರೂವರೆ.
ಹೀಟರು ಕಟಕಟ ಹಲ್ಲು ಕಡಿಯುತ್ತದೆ.
ಮೋರೀನ್ ಮೇಡಂ ಬೋರ್ಡಿನ ಮೇಲೆ ಬರೆಯುತ್ತಾಳೆ:
ಸೆಟ್ ಅಪ್. ಫಾಲ್ ಥ್ರೂ. ಲೇ ಆಫ್. ಬ್ರೇಕ್ ಈವನ್.
ಈ ವಾರದ ಪಾಠ ವ್ಯಾಪಾರ, ಯೋಜನೆ, ಬದುಕಿನ ತಿರುವು.
ಮೂರೂ ಒಂದೇ ಹಾಳೆಯಲ್ಲಿ,
ಒಂದೇ ನೊಗಕ್ಕೆ ಮೂರು ಎತ್ತು ಕಟ್ಟಿದ ಹಾಗೆ.

ಪಕ್ಕದಲ್ಲಿ ಅಸ್ಮಾರಾದ ತೆಸ್ಫಾಯ್.
ಎದುರಿಗೆ ಹಲಿನಾ. ಕೋಟು ತೆಗೆಯುವುದೇ ಇಲ್ಲ,
ಯಾವ ಗಳಿಗೆಗೂ ಎದ್ದು ಹೊರಡಬೇಕಾದೀತು ಎಂಬಂತೆ.

ಬಿಡಿ ಪದಗಳು ಕಷ್ಟವಲ್ಲ.
ಇನ್‌ವಾಯ್ಸ್, ಡೆಪಾಸಿಟ್, ಡೆಡ್‌ಲೈನ್, ಇವೆಲ್ಲ ಗುಂಡಿಗಳು,
ಒಮ್ಮೆ ಹೊಲಿದರೆ ಅಲ್ಲೇ ಇರುತ್ತವೆ.
ಕಾಡುವುದು ಬಾಲದವು.
ಟರ್ನ್ ಅಂದರೆ ತಿರುಗು. ಸರಿ.
ಟರ್ನ್ ಅಪ್ ಅಂದರೆ ಬಂದ. ಟರ್ನ್ ಡೌನ್ ಅಂದರೆ ಒಲ್ಲೆನೆಂದ.
ಟರ್ನ್ ಓವರ್ ಅಂದರೆ ಮಗ್ಗುಲು ಬದಲಿಸು,
ಕೂಡಿಸಿ ಬರೆದರೆ ವರ್ಷದ ವಹಿವಾಟು!
ಗೋದಾಮಿನಲ್ಲಿ ರಾತ್ರಿಪಾಳಿಯ ತೆಸ್ಫಾಯ್ ಪೆನ್ನು ಕೆಳಗಿಟ್ಟ:
"ನೋಡಿದಿರಾ, ಇಲ್ಲಿ ದೊಡ್ಡ ಕೆಲಸವನ್ನೆಲ್ಲ
ಸಣ್ಣವರ ಕೈಲೇ ಮಾಡಿಸುತ್ತಾರೆ."

ಮನೆಪಾಠ: ನಿಮ್ಮದೇ ಬದುಕಿನಿಂದ ಐದು ವಾಕ್ಯ.

ರಾತ್ರಿ ಹೊಲಿಗೆ ಯಂತ್ರದ ಮೇಲೆ ಪಟ್ಟಿಪುಸ್ತಕ ಇಟ್ಟು ಬರೆದೆ.
ಒಂದು. ಮೈ ಹಸ್ಬೆಂಡ್ ವಾಸ್ ಲೇಡ್ ಆಫ್.
ಸುಲಭ. ಕಾರಿನ ಬಿಡಿಭಾಗದ ಕಾರ್ಖಾನೆ, ಮಾರ್ಚ್ ತಿಂಗಳು,
ಹದಿನಾಲ್ಕು ಜನ, ಹದಿನಾಲ್ಕು ಲಕೋಟೆ.
ಎರಡು. ಅವರ್ ಪ್ಲಾನ್ಸ್ ಫೆಲ್ ಥ್ರೂ.
ಜೇಬಿನ ತೂತಿನಿಂದ ನಾಣ್ಯ ಜಾರಿದ ಹಾಗೆ
ಮನೆ ಕೊಳ್ಳುವ ಮಾತು ಯಾವ ಬೀದಿಯಲ್ಲಿ ಬಿತ್ತೋ
ಸಪ್ಪಳವೂ ಕೇಳಲಿಲ್ಲ.
ಮೂರು. ವೀ ಸ್ಪ್ಲಿಟ್ ಅಪ್.
ಇಲ್ಲಿ ನಿಂತೆ.
ಸೀಳಿಗೆ ಮೇಲಕ್ಕೆ ಎಂಬ ಬಾಲ ಯಾಕೆ?
ಸೀಳಿದ್ದು ಮೇಲೇರಿದ್ದನ್ನು ಕಂಡವರುಂಟೆ?
ಕೆಲಸ ಹುಡುಕಲು ಗ್ಲಾಸ್ಗೋಗೆ ಹೋದವನು
ಮೊದಲು ಹಣ ಕಳಿಸಿದ, ಆಮೇಲೆ ಕ್ಷಮೆ ಕಳಿಸಿದ,
ಆಮೇಲೆ ವಕೀಲರ ಕಾಗದ.

ಆಗ ಹೊಳೆಯಿತು, ನಮ್ಮಲ್ಲೂ ಬಾಲಗಳುಂಟು.
ಬೋರ್ಡಿನ ಮೇಲೆ ಬರೆದು ಯಾರೂ ಕಲಿಸಿದ್ದಲ್ಲ;
ಗುಳೇದಗುಡ್ಡದಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಅವ್ವ
ಲಾಳಿಯ ಜೊತೆ ಎಸೆಯುತ್ತಿದ್ದ ಮಾತುಗಳು.
ಬಿಟ್ಟುಹೋಗು. ಬಿಟ್ಟುಕೊಡು. ಬಿಟ್ಟುಬಿಡು.
ತಲೆ ಒಂದೇ, ಬಾಲ ಬೇರೆ.
ಅವನು ಬಿಟ್ಟುಹೋದ.
ನಾನು ಬಿಟ್ಟುಕೊಡಲಿಲ್ಲ ಎರಡು ವರ್ಷ,
ಬಾಗಿಲ ಹಿಂದೆ ತೂಗುತ್ತಿದ್ದ ಅವನ ಉಣ್ಣೆಯ ಕೋಟನ್ನು ಕೂಡ.
ಮೂರನೆಯದಕ್ಕೆ ಇಂಗ್ಲಿಷು ಸಾಲಲಿಲ್ಲ.
ಡಿಕ್ಷನರಿ ಲೆಟ್ ಗೋ ಅಂದಿತು.
ಅದರಲ್ಲಿ ಯಾರೋ ಹೊಸ್ತಿಲಲ್ಲಿ ನನ್ನ ಅಪ್ಪಣೆಗೆ ಕಾದ ಹಾಗಿದೆ.
ನಮ್ಮದರಲ್ಲಿ
ಬಿಡುವುದನ್ನೇ ಎರಡು ಸಲ ಬಿಡಬೇಕು.

ನಾಲ್ಕನೆಯ ವಾಕ್ಯಕ್ಕಾಗಿ ಕೋಟು ಕತ್ತರಿಸಿದೆ.
ಗಟ್ಟಿ ಬಟ್ಟೆ. ಅಂಚಿಗೆ ಅವ್ವ ನೇಯ್ದ ಖಣದ ಪಟ್ಟಿ ಕೂಡಿಸಿ
ಮೂರು ಕೈಚೀಲ.
ಶನಿವಾರದ ಮಾರ್ಕೆಟ್ಟಿನಲ್ಲಿ ಎರಡು ಹೋದವು,
ಒಂದನ್ನು ಹಲಿನಾಗೆ ಸುಮ್ಮನೆ ಕೊಟ್ಟೆ.
ಮೇಜಿನ ಬಾಡಿಗೆ, ದಾರ, ಬಸ್ಸಿನ ಚಾರ್ಜು ಕಳೆದು
ಕೈಯಲ್ಲಿ ಉಳಿದದ್ದು ಸೊನ್ನೆ. ಸಾಲವೂ ಸೊನ್ನೆ.
ಐ ಬ್ರೋಕ್ ಈವನ್.
ಒಡೆದು ಸಮವಾದೆ.
ಅವ್ವನಾಗಿದ್ದರೆ, "ಹಾಕಿದ್ದು ಬಂತವ್ವ, ಉಣ್ಣಾಕ ಏಳು" ಅನ್ನುತ್ತಿದ್ದಳು.

ಐದು. ಐ ವಿಲ್ ಸೆಟ್ ಅಪ್.
ಮೋರೀನ್ ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಇಟ್ಟಳು:
ಏನನ್ನು?
ಒಂಬತ್ತನೆಯ ಇಯತ್ತೆಯಲ್ಲಿ ಇದಕ್ಕೆ ಕರ್ಮಪದ ಎನ್ನುತ್ತಿದ್ದರು.
ನಾನು ಕೊರಳಿನಿಂದ ಟೇಪು ತೆಗೆದು ತೋರಿಸಿದೆ:
ಅಳತೆ ನಡೆದಿದೆ, ಮೇಡಂ.