ನೋಡಿದಷ್ಟು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಮಹಡಿ ಮೇಲೆ
ತಿಂಗಳಿಗೆ ಎರಡು ಸಾವಿರದ ಕೋಣೆ ನನ್ನದು.
ಕೆಳಗೆ ಹೊಟ್ಟು ಬಿಡಿಸುವ ಯಂತ್ರ. ನನ್ನ ಕೀಲಿಮಣೆಗೆ
ದಿನಕ್ಕೊಂದು ಪದರ ಕಾಫಿಸಿಪ್ಪೆಯ ಧೂಳು.
ಒರೆಸಿ ಕೂರುತ್ತೇನೆ, ಒರೆಸಿ ಏಳುತ್ತೇನೆ,
ನಡುವೆ ಓದುತ್ತೇನೆ ಬೇರೆಯವರು ಬರೆದ ಸಾಲು.

ಈ ಸಲ ಬಂದದ್ದು ‘ಜೋಳಿಗೆ’.
ಪಾಸ್‌ವರ್ಡುಗಳನ್ನೆಲ್ಲ ತುಂಬಿ ಬಾಯಿ ಕಟ್ಟುವ ಚೀಲ.
ಹೊಲಿದವರು ಗದಗಿನ ಒಬ್ಬ ಲೆಕ್ಕದ ಮೇಷ್ಟ್ರು,
ಜೊತೆಗೆ ಊರು ಹೇಳದ ಇನ್ನಿಬ್ಬರು.
ಕಾಸಿಲ್ಲ, ಮರೆಯಿಲ್ಲ. ಒಳಹೊಲಿಗೆ ಹೊರಗೇ ಕಾಣಲೆಂದು
ತಿರುವಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು.

ಯಾರು ಬೇಕಾದರೂ.
ಅದೇ ತೊಡಕು.
ಹನ್ನೊಂದು ಸಾವಿರ ಜನ ಹೆಗಲಿಗೇರಿಸಿದರು
ಬೇರೆ ಯಾರೋ ನೋಡಿರುತ್ತಾರೆ ಎಂದುಕೊಂಡು.

ನೋಡಲು ಖರ್ಚು ಕೊಟ್ಟವರು ಜೇನು ಸಂಘದ ಬೆಳ್ಯಪ್ಪನವರು,
ಅರ್ಧ ಹಣ, ಅರ್ಧ ಜೇನು.
ಇಲ್ಲಿಯವರೆಗೆ ಸಂಘದ ಪಾಸ್‌ವರ್ಡು ಅವರ ಮನೆ ಕೋವಿಯ ನಂಬರು.
ಕೈಲ್‌ಮುಹೂರ್ತಕ್ಕೆ ಎಣ್ಣೆಯಲ್ಲಿ ಒರೆಸಿ, ತೋಕ್ ಪೂ ಸಿಕ್ಕಿಸಿ,
ನೆಲ್ಲಕ್ಕಿ ನಡುಬಾಡೆಯ ದೀಪದೆದುರು ಒರಗಿಸಿದಾಗ
ಊಟಕ್ಕೆ ಬಂದ ನೆಂಟರೆಲ್ಲ ಓದಬಹುದಾದ ನಂಬರು.
“ಒಂದೇ ಮಾತು ಹೇಳಮ್ಮ, ಗಟ್ಟಿಯೋ ಅಲ್ಲವೋ?”

ಒಂದೇ ಮಾತು ನನ್ನ ಕಸುಬಿನಲ್ಲಿಲ್ಲ.
ಕೆಳಗೆ ರುಚಿ ನೋಡುವ ದೇಚಮ್ಮ ಇದ್ದಾರೆ:
ಬಟ್ಟಲಿನಡಿ ಚೀಟಿ, ಚೀಟಿಯಲ್ಲಿ ತೋಟದ ಹೆಸರಿಲ್ಲ.
ಸೊರ್ರೆಂದು ಹೀರಿ, ನಾಲಗೆಯಲ್ಲಿ ಒಂದು ಸುತ್ತು ತಿರುಗಿಸಿ
ಉಗುಳುತ್ತಾರೆ. ಸ್ವಂತ ಅಣ್ಣನ ತೋಟದ್ದಾದರೂ
ಉಗುಳಿ, ಅಂಕ ಬರೆದ ಮೇಲೆಯೇ ತಿಳಿಯುವುದು.
ನುಂಗಿದರೆ ಋಣ ಬೀಳುತ್ತದೆ, ಅನ್ನುತ್ತಾರೆ.

ಹತ್ತೊಂಬತ್ತು ದಿನ ಓದಿದೆ.
ಗೂಢಲಿಪಿಯ ಲೆಕ್ಕ ಸರಿಯಿತ್ತು. ಮೇಷ್ಟ್ರು ಮೇಷ್ಟ್ರೇ.
ಕಳ್ಳಿಯಾಗಿ ನಿಂತು ಕದ ತಟ್ಟಿದೆ, ಹಿತ್ತಲಿಂದ ಬಂದೆ,
ಸುಳ್ಳು ಹೆಸರು ಹೇಳಿ ಕರೆದೆ. ತೆರೆಯಲಿಲ್ಲ.
ಖುಷಿಯಾಯಿತು.
ಖುಷಿಯಾದದ್ದು ಕಂಡು ಹೆದರಿಕೆಯೂ ಆಯಿತು.

ಇಪ್ಪತ್ತನೇ ದಿನ ಸಿಕ್ಕಿತು, ದೊಡ್ಡ ಬೀಗದಲ್ಲಲ್ಲ.
ನಕಲು ಮಾಡಿದ ಪಾಸ್‌ವರ್ಡನ್ನು
ಮೂವತ್ತು ಸೆಕೆಂಡಿಗೆ ಅಳಿಸುತ್ತೇನೆಂದು ಮಾತು ಕೊಟ್ಟ ಒಂದು ಸಾಲು
ಅಷ್ಟರೊಳಗೆ ನಾವು ಕಿಟಕಿ ಮುಚ್ಚಿದರೆ
ಮಾತು ಮರೆತು ತಾನೂ ಮಲಗುತ್ತದೆ.
ಗುಟ್ಟು ಜಗಲಿಯ ಮೇಲೆ, ಬೆಳಗಿನ ತನಕ.
ನಾಲ್ಕು ವರ್ಷದಿಂದ ಹಾಗೇ.

ಚಹಾಕ್ಕೆ ಇಳಿದೆ. ಆರಿಸುವ ಮೇಜಿನಲ್ಲಿ ಜೈನಾಬಿ
ಮಗಳ ಪರೀಕ್ಷೆಯ ಮಾತಾಡುತ್ತಲೇ
ಕರಿಕಾಳನ್ನು ಬೆರಳಲ್ಲಿ ಚಿಮ್ಮಿ ಎಸೆಯುತ್ತಿದ್ದರು.
ಹೇಗೆ ಕಾಣುತ್ತದೆ ಎಂದೆ.
“ಒಳ್ಳೇದನ್ನ ನೋಡೋದು ಬಿಟ್ರೆ ಕಾಣುತ್ತೆ.”
ಒಂದು ಹಿಡಿ ಸರಿಸಿ, ಮತ್ತೆ:
“ಆರಿಸಿದ ಮೂಟೇಲೂ ಇರುತ್ತೆ ಬಿಡಿ, ಒಂದೋ ಎರಡೋ.”

ಮೊದಲು ಮೇಷ್ಟ್ರೊಬ್ಬರಿಗೇ ಬರೆದೆ, ಸದ್ದಿಲ್ಲದೆ.
ಮೂರನೇ ದಿನ ಉತ್ತರ: “ನಾಚಿಕೆಯಾಯಿತು. ಸರಿಮಾಡಿದ್ದೇನೆ.
ನನ್ನ ಮಾತು ನಂಬಬೇಡಿ, ಇನ್ನೊಮ್ಮೆ ನೋಡಿ.”
ನನಗೆ ಈವರೆಗೆ ಬಂದ ಪ್ರೇಮಪತ್ರ ಅಂತಿದ್ದರೆ
ಇದೇ ಇರಬೇಕು.

ಇನ್ನೊಮ್ಮೆ ನೋಡಿದೆ.
ವರದಿಯಲ್ಲಿ ‘ಸುರಕ್ಷಿತ’ ಎಂಬ ಪದ ಬರೆಯಲಿಲ್ಲ.
ಇಂಥ ಆವೃತ್ತಿ, ಇಷ್ಟು ಸಾಲು, ಇಂತಿಷ್ಟು ದಿನ.
ಇದು ಸಿಕ್ಕಿತು, ಇದು ಸರಿಯಾಯಿತು.
ಫೋನಿಗೆಂದು ಬರೆದ ಭಾಗವನ್ನು ನಾನು ನೋಡಿಲ್ಲ.
ಆ ಕೊನೆಯ ಸಾಲು ತೆಗೆಯಮ್ಮ, ಎಂದರು ಬೆಳ್ಯಪ್ಪನವರು,
ಓದಿದವರಿಗೆ ಸುಮ್ಮನೆ ಅನುಮಾನ ಬರುತ್ತದೆ.
ಬರಲಿ ಎಂದೆ.

ಜೇನಿನ ಬಾಟಲಿ ಮೇಜಿನ ಮೇಲಿದೆ.
ವರದಿ ಎಲ್ಲರ ಕಣ್ಣಿಗೆ ಬೀಳುವ ತನಕ ಮುಚ್ಚಳ ತಿರುಗಿಸುವುದಿಲ್ಲ.
ಯಂತ್ರ ನಿಂತಿದೆ. ಒಂದು ಇರುವೆ
ಮುಚ್ಚಳದ ಅಂಚಿನುದ್ದಕ್ಕೂ ನಡೆಯುತ್ತಿದೆ,
ಸುತ್ತು ಮುಗಿಸಿ, ನಿಂತು,
ಮತ್ತೆ ಮೊದಲಿಂದ.