ಮಂಡಕ್ಕಿ ಕುರಿ

ಊಟದ ತಟ್ಟೆ ಎತ್ತುವ ಹೊತ್ತಿಗೆ ನೆನಪಾಗುತ್ತದೆ ನಗೀನಾಗೆ:
"ಅಬ್ಬಾ, ನಾಳೆಗೆ ಒಂದು ಕುರಿ ಬೇಕು."
ಎಷ್ಟು ಹಲ್ಲಿನದು, ಎಂದೆ. ನಗಲಿಲ್ಲ.
ಸಾಕುಪ್ರಾಣಿಗಳ ಪಾಠವಂತೆ,
ಮೇಜಿನ ಮೇಲೆ ತಾನೇ ನಿಲ್ಲುವಂಥದು ಬೇಕಂತೆ,
ಟೀಚರು ಹೇಳಿ ಎಂಟು ದಿನವಾಯಿತಂತೆ.

ಗಂಟೆ ಒಂಬತ್ತೂವರೆ. ಮೂಲೆಯಂಗಡಿಯ ಷಟರು ಬಿದ್ದಾಗಿದೆ.
ಎರಡಕ್ಕೆ ಎದ್ದು ಭಟ್ಟಿಗೆ ಹೋಗಬೇಕಾದವನು ನಾನು.
ಶಾಹೀನಾ ಮಾತಾಡದೆ ಎದ್ದು
ಫಾಲ್ ಹಚ್ಚಲು ಬಂದ ಸೀರೆಯನ್ನು ಹಾಸಿಗೆಗೆ ಸುರಿದು
ಖಾಲಿ ಡಬ್ಬಿ ನನ್ನ ಮುಂದಿಟ್ಟಳು.

ಮೈದಾ ಕದಡಿ ಒಲೆಗೇರಿಸಿದೆ.
ಗಂಟಾಗದಂತೆ ಕೈಯಾಡಿಸುವುದು ಗೊತ್ತು ನನಗೆ,
ಹದಿನೈದರ ಹುಡುಗನಿದ್ದಾಗ ಪಿ.ಬಿ. ರಸ್ತೆಯುದ್ದಕ್ಕೂ
ಸಿನಿಮಾ ಪೋಸ್ಟರು ಹಚ್ಚಿದವನು,
ಸೈಕಲ್ಲಿಗೆ ಇದೇ ಅಂಟಿನ ಬಕೆಟ್ಟು ನೇತುಹಾಕಿಕೊಂಡು.
ಅಂಟು ಬಂತು. ಕುರಿ ಬರಲಿಲ್ಲ.
ಬಿಸಿ ಮರಳು ಕೆದಕಿ ಕೆದಕಿ ಊದಿದ ಬೆರಳು
ಕತ್ತರಿಯ ಕಣ್ಣಿಗೆ ಹೋಗದು,
ಹೋದರೆ ವಾಪಸು ಬಾರದು.
ಮೊದಲನೆಯದು ಎಮ್ಮೆಯಾಯಿತು.
ಎರಡನೆಯದು, ಶಾಹೀನಾ ಪ್ರಕಾರ, ಆಟೋ.

"ಕತ್ತರಿ ತಿರುಗಿಸ್ಬ್ಯಾಡ," ಎಂದಳು ಎರಡನೇ ಕ್ಲಾಸಿನವಳು,
"ಅದು ಅಲ್ಲೇ ಇರ್ಲಿ. ರಟ್ಟು ತಿರುಗ್ಸು."
ತಿರುಗಿಸಿದೆ.
ಬೆನ್ನು ಬಂತು, ಕತ್ತು ಬಂತು,
ಬಾಲದ ಹತ್ತಿರ ಸ್ವಲ್ಪ ತಪ್ಪಿತು, ಇರಲಿ.

ಉಣ್ಣೆಗೆ ಹತ್ತಿ ಬೇಕಿತ್ತು.
ನನ್ನಜ್ಜ ಕಾಟನ್ ಮಿಲ್ಲಿನ ಸೈರನ್ನಿಗೆ ಎದ್ದು ಮಲಗಿದವನು,
ಮೀಸೆಯಲ್ಲೂ ಹತ್ತಿ ಇರುತ್ತಿತ್ತಂತೆ.
ಈಗ ಮನೆಯೆಲ್ಲ ಹುಡುಕಿದರೂ ಒಂದು ಹಿಡಿಯಿಲ್ಲ,
ದಿಂಬಿನೊಳಗೂ ಸ್ಪಂಜು.
ನಗೀನಾ ಬಾಗಿಲ ಹಿಂದಿನ ಚೀಲ ನೋಡಿದಳು,
ನಾನು ನಗೀನಾಳನ್ನು ನೋಡಿದೆ.

ಬಾಲದಿಂದ ಶುರು. ಒಂದೊಂದೇ.
ಮನೆಮಾತಿನಲ್ಲಿ ಹೊರಟ ಅವಳ ಎಣಿಕೆ
ನಲವತ್ತು ದಾಟಿದ ಮೇಲೆ ಕನ್ನಡಕ್ಕೆ ಹೊರಳಿತು;
ಮುಂದಿನದನ್ನು ಶಾಲೆಯೇ ಕಲಿಸಿದ್ದು.
ಅಂಟಿಸಿದ್ದು ಮೂರು, ಬಾಯಿಗೆ ಒಂದು.
ಹನ್ನೆರಡು ವರ್ಷದಿಂದ ಮಂಡಕ್ಕಿ ಹುರಿಯುತ್ತೇನೆ,
ಚೀಲದ ಲೆಕ್ಕ, ಲಾರಿಯ ಲೆಕ್ಕ.
ಒಂದು ಕಾಳನ್ನು ದೀಪಕ್ಕೆ ಹಿಡಿದು ನೋಡಿದ್ದು ಇವತ್ತೇ.
ಇದಕ್ಕೆ ಹೊಟ್ಟೆ, ಇದಕ್ಕೆ ಡೊಂಕು ಸೊಂಟ,
ಇದು ಅರ್ಧ ಅರಳಿ ಯಾಕೋ ಮನಸ್ಸು ಬದಲಿಸಿದ್ದು.
ಹೊಟ್ಟೆಯವು ಬೆನ್ನಿಗೆ, ಡೊಂಕಿನವು ಕೊರಳಿಗೆ, ಎಂದಳು.
ಕಣ್ಣಿಗೆ ಮೆಣಸು. ಕಿವಿಗೆ ಯಾರದೋ ಸೀರೆಯ ಫಾಲಿನ ತುದಿ.
ಕಾಲಿಗೆ ಬಟ್ಟೆಯ ಕ್ಲಿಪ್ಪು, ಮೂರು ನೀಲಿ;
ನಾಲ್ಕನೆಯ ನೀಲಿ ಸಿಗದೆ ಒಂದು ಕೆಂಪು.
ನಿಲ್ಲಿಸಿದರೆ ಎಡಕ್ಕೆ ವಾಲಿತು.
ಕರೆಂಟ್ ಬಿಲ್ಲು ಮಡಚಿ ಕಾಲಡಿ ಕೊಟ್ಟೆವು.

ನಿದ್ದೆಯಿಲ್ಲದೆ ಭಟ್ಟಿಗೆ ಹೋದೆ.
ಮರಳಿಗೆ ಅಕ್ಕಿ ಬಿದ್ದು ಚಟಪಟ ಎದ್ದಿತು.
ಜಾಲರಿ ಜಾಡಿಸದೆ ನಿಂತವನನ್ನು ಕಂಡು
ಪಕ್ಕದ ಒಲೆಯ ದಾದಾಪೀರ್ ಕೂಗಿದ:
"ಏನೋ, ಅದರ ಮುಖ ನೋಡ್ತೀಯಾ?"

ಸಂಜೆ ಬಂದಳು. ಕೈಯಲ್ಲಿ
ರಟ್ಟು, ಮೆಣಸು, ನಾಲ್ಕು ಕ್ಲಿಪ್ಪು.
ಬೆನ್ನು ಬೋಳು.
ಹತ್ತಕ್ಕೆ ಆರು ಕೊಟ್ಟರಂತೆ; ಕೆಂಪು ಕಾಲಿಗೆ ಕಳೆದರೋ
ವಾಲಿದ್ದಕ್ಕೋ, ಹೇಳಲಿಲ್ಲವಂತೆ.
ಆಮೇಲೆ ಆಟದ ಪಿರಿಯಡ್ಡಿನಲ್ಲಿ ಕೊಟ್ರೇಶಿ ಒಂದು ಕಿತ್ತು ತಿಂದ,
ಚೆನ್ನಾಗಿದೆ ಎಂದ,
ಅಷ್ಟೆ.
"ಟೀಚರೂ ಎರಡು ತಿಂದ್ರು."
ಅಳುತ್ತಾಳೇನೋ ಎಂದು ಕಾದೆ.
ಅವಳು ಬೋಳು ಬೆನ್ನು ಸವರಿ ಕೇಳಿದಳು:
"ಕತ್ತರಿಸಿದ ಮೇಲೆ ಕುರಿಗೆ ಮತ್ತೆ ಬರುತ್ತಲ್ಲಾ, ಅಬ್ಬಾ?"

ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದೆ.
ಬೆಳಗಿನ ಜಾವ, ಯಾರೂ ನೋಡದಾಗ
ಆರಿಸಿಟ್ಟುಕೊಂಡಿದ್ದೆ:
ಬರೀ ಹೊಟ್ಟೆಯವು.